ಬಾರು, ಮಿಣಿ, ಗಂಟು: ತೊಗಲ ಹೆಣಿಗೆ ನಡೆದು ಬಂದ ದಾರಿ

ಈಚೆಗೆ ಬೆಂಗಳೂರಿನ ಒಂದು ಶಿಬಿರದಲ್ಲಿ ನಾಲ್ಕೆಳೆಯ ಗುಂಡು ಹೆಣಿಗೆ ಹೇಳಿಕೊಡುತ್ತಿದ್ದ ಹುಡುಗ, ಇದು ಅಮೆರಿಕದ ದನಗಾಹಿಗಳ ವಿದ್ಯೆ ಎಂದ. ಪೂರಾ ಸುಳ್ಳಲ್ಲ, ಅವರೂ ಹೆಣೆದಿದ್ದಾರೆ, ಚೆನ್ನಾಗಿಯೇ ಹೆಣೆದಿದ್ದಾರೆ. ಆದರೆ ಅದೇ ಹೆಣಿಗೆಯ ಬಾರುಕೋಲು ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ನಮ್ಮ ಓಣಿಯ ಗೂಟಗಳಿಗೆ ನೇತಾಡುತ್ತಿದ್ದಾಗ ಅದನ್ನು ವಿದ್ಯೆ ಎಂದವರಿರಲಿಲ್ಲ. ಅದಕ್ಕೇ ಇಷ್ಟು ಬರೆಯಬೇಕೆನಿಸಿತು.

ಹಳೆಯ ಕಾಲವನ್ನು ಬೇಗ ಮುಗಿಸುತ್ತೇನೆ. 11–12ನೇ ಶತಮಾನದ ಶರಣರಲ್ಲಿ ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಲ್ಲರೂ ತೊಗಲಿನ ನೆಲೆಯಿಂದ ಬಂದವರು. ಹರಳಯ್ಯ ಬಸವಣ್ಣನಿಗೆ ಮಾಡಿಕೊಟ್ಟ ಪಾದರಕ್ಷೆಯ ಕಥೆ ಎಲ್ಲರಿಗೂ ಬರುತ್ತದೆ. ಅವನು ಬಾರನ್ನು ಹೇಗೆ ಕೊಯ್ದ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಹರಪನಹಳ್ಳಿ ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, 1909ರಲ್ಲಿ, ಜನಾಂಗಗಳ ಅಧ್ಯಯನ ಮಾಡುತ್ತಿದ್ದ ಇಂಗ್ಲಿಷಿನವ ಥರ್ಸ್ಟನ್ ಏಳು ಸಂಪುಟಗಳಲ್ಲಿ ದಕ್ಷಿಣದ ಜಾತಿಗಳ ವಿವರ ರಾಶಿ ಹಾಕಿದ. ಅವನ ಕಣ್ಣು ತಲೆಯ ಅಳತೆಯ ಮೇಲಿತ್ತು, ಕೈಯ ಮೇಲಲ್ಲ.

ಆ ಕಾಲದ ದೊಡ್ಡ ಕೆಲಸವೆಂದರೆ ಕಪಿಲೆಯ ಮಿಣಿ, ಎತ್ತು ಎಳೆದು ನೀರೆತ್ತುವ ತೊಗಲ ಹಗ್ಗ. ತೊಗಲ ಬಾನಿ ತುಂಬಿ ಬಾವಿಯಿಂದ ಮೇಲೇಳಬೇಕಾದರೆ ಎತ್ತುಗಳ ಬಲ ಮಿಣಿಯಲ್ಲೇ ಹಾಯಬೇಕು. ಬಾರನ್ನು ತೊಗಲಿನ ಅಂಚಿನಿಂದ ಶುರುಮಾಡಿ, ಸುತ್ತುತ್ತ ಒಳಗೊಳಗೆ ಕೊಯ್ಯುತ್ತಾರೆ. ಹಾಗಾದಾಗ ಜೋಡಣೆಯಿಲ್ಲದ ಒಂದೇ ಉದ್ದನೆಯ ಬಾರು ಸಿಗುತ್ತದೆ. ಬೆನ್ನಿನ ತೊಗಲು ಗಟ್ಟಿ, ಹೊಟ್ಟೆಯದು ಜಗ್ಗುತ್ತದೆ. ಎರಡನ್ನೂ ಬೆರೆಸಿದರೆ ಮಿಣಿ ಒಂದು ಕಡೆ ಸೊರಗುತ್ತದೆ. ಇಷ್ಟೆಲ್ಲ ದುಡಿದದ್ದಕ್ಕೆ ಸುಗ್ಗಿಯಲ್ಲಿ ಕಣದಿಂದ ಆಯದ ಕಾಳು ಬರುತ್ತಿತ್ತು, ಅದೂ ದೂರದಿಂದ ಸುರಿದದ್ದು.

ಮಿಣಿ ಹುರಿ ಮಾಡಿದ್ದು, ಬಾರುಕೋಲು ಹೆಣೆದದ್ದು. ನನ್ನ ಒಲವು ಹೆಣಿಗೆಯ ಕಡೆಗಿದೆ, ಮುಚ್ಚಿಡುವುದಿಲ್ಲ. ಹುರಿ ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಹೆಣಿಗೆಯಲ್ಲಿ ಒಂದೊಂದು ಎಳೆಯೂ ಇನ್ನೊಂದನ್ನು ಹಿಡಿದಿರುತ್ತದೆ. ನಮ್ಮ ತಲೆಮಾರಿನವರು ಕಲಿತದ್ದು ಹಿರಿಯರ ಮೊಣಕಾಲ ಪಕ್ಕದಲ್ಲಿ ಕೂತು. ಮೊದಲ ವರ್ಷ ಎಳೆ ಮುಟ್ಟಗೊಡುತ್ತಿರಲಿಲ್ಲ. ಬಾರಿನ ಅಂಚು ಸವರುವುದು, ಹರಳೆಣ್ಣೆ ತಿಕ್ಕುವುದು, ನೀರು ಚಿಮುಕಿಸುವುದು, ಅಷ್ಟೇ. ತುಸು ಹಸಿಯಿದ್ದಾಗ ಹೆಣೆದರೆ ಒಣಗಿದ ಮೇಲೆ ಬಿಗಿಯುತ್ತದೆ. ಒದ್ದೆ ಹೆಚ್ಚಾದರೆ ಒಣಗುವಾಗ ಎಳೆ ಕುಗ್ಗಿ ನಡುವೆ ಸಂದು ಬೀಳುತ್ತದೆ. ಈ ಹದವನ್ನು ಯಾವ ಪುಸ್ತಕವೂ ನನಗೆ ಕಲಿಸಿಲ್ಲ. ಬುಡದಲ್ಲಿ ಎಂಟೆಳೆ, ನಡುವೆ ಆರು, ಆಮೇಲೆ ನಾಲ್ಕು, ಹೀಗೆ ಎಳೆ ಇಳಿಸುತ್ತ ತುದಿಗೆ ಹೋಗಬೇಕು. ಸರಿಯಾಗಿ ಇಳಿದ ಬಾರುಕೋಲು ಬೀಸಿದರೆ ಅದರ ತುದಿ ಶಬ್ದಕ್ಕಿಂತ ವೇಗವಾಗಿ ಓಡುತ್ತದೆ. ಆ ಚಟೀರೆನ್ನುವ ಸದ್ದು ಅದರದ್ದು. ಎತ್ತಿಗೆ ಹೊಡೆಯಬೇಕಿಲ್ಲ, ಸದ್ದೇ ಸಾಕು.

ಅಲಂಕಾರದ ಗಂಟುಗಳಿಗೆ ಕಾರಹುಣ್ಣಿಮೆಯೇ ಪರೀಕ್ಷೆ. ಎತ್ತಿನ ಕೊರಳಪಟ್ಟಿ, ಹಣೆಕಟ್ಟು, ಗೆಜ್ಜೆಯ ಬಾರು, ಗೊಂಡೆ ಎಲ್ಲಕ್ಕೂ ಗಂಟು ಬೇಕು. ಕೋಲಿನ ಹಿಡಿಗೆ ಉಂಗುರದಂತೆ ಸುತ್ತಿ ನೇಯುವ ಗಂಟೊಂದಿದೆ. ಇಂಗ್ಲಿಷಿನವರು ಅದನ್ನು ಟರ್ಕ್ಸ್ ಹೆಡ್, ತುರ್ಕರ ತಲೆ, ಎನ್ನುತ್ತಾರೆ, ಮುಂಡಾಸಿನಂತೆ ಕಾಣುತ್ತದೆಂದು. ಆಶ್ಲಿಯ 1944ರ ಗಂಟುಗಳ ದೊಡ್ಡ ಪುಸ್ತಕದಲ್ಲಿ ಅದಕ್ಕೆ ಒಂದು ಅಧ್ಯಾಯವೇ ಇದೆ. ಒಂದೇ ಬಾರಿನಲ್ಲಿ ಅದು ಕೂಡಬೇಕಾದರೆ ಎಳೆಗಳ ಸಂಖ್ಯೆಗೂ ಅಂಚಿನ ತಿರುವುಗಳ ಸಂಖ್ಯೆಗೂ ಒಂದನ್ನು ಬಿಟ್ಟರೆ ಬೇರೆ ಸಾಮಾನ್ಯ ಭಾಜಕ ಇರಬಾರದು: ಮೂರಕ್ಕೆ ಐದು ಕೂಡುತ್ತದೆ, ನಾಲ್ಕಕ್ಕೆ ಆರು ಕೂಡುವುದಿಲ್ಲ. ನನಗೆ ಕಲಿಸಿದವರು ಶಾಲೆಯ ಕಟ್ಟೆ ಹತ್ತಿದವರಲ್ಲ. ನಾಲ್ಕಕ್ಕೆ ಆರು ಹಾಕಲು ಹೋದ ನನ್ನ ಕೈಮೇಲೆ ಹೊಡೆದು, “ಕೂಡಂಗಿಲ್ಲ, ಬಿಚ್ಚು” ಎಂದಿದ್ದರು.

ಮುಂದಿನದು ಎಲ್ಲರಿಗೂ ಗೊತ್ತು. ಪಂಪ್‌ಸೆಟ್ ಬಂದು ಮಿಣಿ ಹೋಯಿತು, ನೈಲಾನ್ ಹಗ್ಗ ಬಂದು ನೊಗದ ಜತ್ತಿಗೆ ಹೋಯಿತು, ಟ್ರ್ಯಾಕ್ಟರ್ ಬಂದು ಬಾರುಕೋಲು ಗೂಟ ಸೇರಿತು. ಆದರೆ ಯಂತ್ರವೊಂದನ್ನೇ ದೂರುವುದು ಪೇಟೆಯವರ ಹಳಹಳಿ. ನಮ್ಮ ಹುಡುಗರು ತೊಗಲು ಕೊಯ್ಯುವ ರಂಪಿಗೆ ಕೆಳಗಿಟ್ಟದ್ದು, ಅದನ್ನು ಹಿಡಿದ ಕೈಗೆ ಚಹಾದಂಗಡಿಯಲ್ಲಿ ಬೇರೆ ಲೋಟ ಕೊಡುತ್ತಿದ್ದರೆಂದು. ಅವರು ಮಾಡಿದ್ದು ಸರಿ.

1976ರಲ್ಲಿ ಲಿಡ್ಕರ್, ರಾಜ್ಯದ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮ, ಬಂತು. ಚಪ್ಪಲಿ, ಬೂಟು, ಚೀಲಗಳಿಗೆ ದಾರಿಯಾಯಿತು. ಹೆಣಿಗೆ ಉಳಿದದ್ದು ಹೆಚ್ಚಾಗಿ ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಯಲ್ಲಿ. ಅಲ್ಲಿ ಗಂಡಸರು ತೊಗಲು ಕೊಯ್ದು ಬಡಿದರೆ, ಸಣ್ಣ ಬಾರುಗಳ ಜಡೆ ಹೆಣೆಯುವ ಕೈ ಹೆಂಗಸರದ್ದು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಬಾರು ಮುಟ್ಟಗೊಡದೆ ಅರ್ಧ ಕೈಗಳನ್ನು ನಾವೇ ಕಳೆದುಕೊಂಡೆವು. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕಿತು: ಕರ್ನಾಟಕದ ನಾಲ್ಕು ಜಿಲ್ಲೆ, ಮಹಾರಾಷ್ಟ್ರದ ನಾಲ್ಕು. 2025ರಲ್ಲಿ ಮಿಲಾನ್‌ನ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಅಂಥದ್ದೇ ಚಪ್ಪಲಿ ತೋರಿಸಿ, ಗದ್ದಲವೆದ್ದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಆ ಗದ್ದಲದಲ್ಲೂ ಮಾತೆಲ್ಲ ಚಪ್ಪಲಿಯದು, ಹೆಣಿಗೆಯದಲ್ಲ.

ವಿದ್ವಾಂಸರು ತೊಗಲನ್ನು ಮರೆತವರಲ್ಲ. ತೊಗಲುಗೊಂಬೆಗೆ ಎಂ.ಎಸ್. ನಂಜುಂಡರಾವ್ ಅವರಂಥ ಸಂಗ್ರಾಹಕರು ಸಿಕ್ಕರು, ಬಳ್ಳಾರಿಯ ಬೆಳಗಲ್ಲು ವೀರಣ್ಣ ಅದನ್ನು ದೊಡ್ಡ ವೇದಿಕೆಗೆ ಒಯ್ದರು. ಸಂತೋಷವೇ. ಗೊಂಬೆಯಲ್ಲಿ ರಾಮಾಯಣವಿದೆ, ಬಾರುಕೋಲಿನಲ್ಲಿ ಇಲ್ಲ. ನಮ್ಮ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಹೋಯಿತು. ಅಷ್ಟು ಸಲ ಜಿಲ್ಲೆ ಬದಲಾದರೂ ನಮ್ಮ ಓಣಿಗೆ ಬಂದು ಎಳೆ ಎಣಿಸಿದವರನ್ನು ನಾನು ಕಾಣೆ.

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಅಟ್ಟದ ಮೇಲೆ ಹಳೆಯ ಬಾರುಕೋಲಿದ್ದರೆ ಎಸೆಯಬೇಡಿ. ಬುಡದಲ್ಲಿ ಎಷ್ಟೆಳೆ, ತುದಿಯಲ್ಲಿ ಎಷ್ಟೆಳೆ ಎಣಿಸಿ ಬರೆದಿಡಿ. ಹೆಣೆದವರು ಯಾರೆಂದು ಮನೆಯ ಹಿರಿಯರನ್ನು ಕೇಳಿ, ಆ ಹೆಸರನ್ನೂ ಬರೆಯಿರಿ.