ಆಪ್ತಸಮಾಲೋಚನೆ

‘ಆಪ್’ ಧಾತುವಿನಿಂದ ಬಂದ ‘ಆಪ್ತ’ ಪದಕ್ಕೆ ‘ಪಡೆದದ್ದು’ ಎಂಬುದು ಮೂಲಾರ್ಥ. ನ್ಯಾಯದರ್ಶನದಲ್ಲಿ ಆಪ್ತನೆಂದರೆ ನಂಬತಕ್ಕವನು. ಅವನ ಮಾತೇ ಪ್ರಮಾಣ. ಕನ್ನಡದ ಬಳಕೆಯಲ್ಲಿ ಆತ ಹತ್ತಿರದವನೂ ಆದ. ‘ಸಮಾಲೋಚನೆ’ಯ ಬೇರು ‘ಲೋಚ್’, ಅಂದರೆ ನೋಡು. ಕೌನ್ಸೆಲಿಂಗಿಗೆ ‘ಆಪ್ತಸಮಾಲೋಚನೆ’ ಎನ್ನದೆ ‘ಆಪ್ತಸಲಹೆ’ ಎನ್ನುವವರೂ ಇದ್ದಾರೆ, ನನಗದು ಒಪ್ಪಿಗೆಯಿಲ್ಲ. ಸಲಹೆ ಕೊಡಲು ನೆಂಟರಿಷ್ಟರು ಸಾಲದೆ?

ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ಆಲಿಸುವ ಕ್ರಮ, ಮನೋವೈದ್ಯ ಆರನ್ ಬೆಕ್ ಅವರ ಯೋಚನೆಗಳನ್ನು ಪರೀಕ್ಷಿಸುವ ಕ್ರಮ ಮುಂತಾದವನ್ನು ಎದುರಿಗಿರುವವರಿಗೆ ತಕ್ಕಂತೆ ಬೆಸೆದರೆ ಅದು ‘ಸಮನ್ವಯ ಆಪ್ತಸಮಾಲೋಚನೆ’. ಆಟಿಸಂ, ಎಡಿಎಚ್‌ಡಿಯಂಥ ನರವೈವಿಧ್ಯವುಳ್ಳ ಹರೆಯದವರು, ದೊಡ್ಡವರು ಬಂದಾಗ ಈ ಸಡಿಲಿಕೆ ಬೇಕೇಬೇಕು: ಕಣ್ಣಲ್ಲಿ ಕಣ್ಣಿಟ್ಟೇ ಮಾತಾಡಬೇಕೆಂಬ ಕಟ್ಟಳೆಯಿಲ್ಲ, ಚಿತ್ರ ಬರೆದೂ ಹೇಳಬಹುದು.

ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಆಪ್ತಸಮಾಲೋಚನೆ ಕನ್ನಡದಲ್ಲೇ, ಉಚಿತವಾಗಿ ಸಿಗುತ್ತದೆ.