ಡೀಲರ್ ಪ್ರದರ್ಶನ ಕಾರು ಅಥವಾ ವಿದೇಶದಿಂದ ತರುವ ಕಾರು: ಖರೀದಿಗೆ ಮುನ್ನ ಸಾರ್ವಜನಿಕರು ತಿಳಿಯಬೇಕಾದ ವಿಷಯಗಳು

1. ಪೀಠಿಕೆ

ಹೊಸ ಕಾರಿನ ಪೂರ್ಣ ಬೆಲೆಯನ್ನು ತೆರಲು ಇಚ್ಛಿಸದ ಖರೀದಿದಾರರ ಮುಂದೆ ಸಾಮಾನ್ಯವಾಗಿ ಎರಡು ಮಾರ್ಗಗಳು ಬರುತ್ತವೆ. ಡೀಲರ್ ತನ್ನ ಮಳಿಗೆಯಲ್ಲಿ ಗ್ರಾಹಕರ ಪರೀಕ್ಷಾ ಚಾಲನೆಗಾಗಿ ಇಟ್ಟುಕೊಂಡಿದ್ದ ಪ್ರದರ್ಶನ ಕಾರನ್ನು ರಿಯಾಯಿತಿ ದರದಲ್ಲಿ ಕೊಳ್ಳುವುದು ಒಂದು. ವಿದೇಶದಲ್ಲಿ ಕಡಿಮೆ ಬೆಲೆಗೆ ದೊರೆಯುವ ಅಥವಾ ಅಲ್ಲಿ ಈಗಾಗಲೇ ಬಳಕೆಯಲ್ಲಿರುವ ಕಾರನ್ನು ಭಾರತಕ್ಕೆ ತರುವುದು ಇನ್ನೊಂದು. ಈ ಎರಡರಲ್ಲಿಯೂ ಮೊದಲು ಕಣ್ಣಿಗೆ ಬೀಳುವುದು ಬೆಲೆಯ ಇಳಿಕೆ. ಆದರೆ ಆ ಇಳಿಕೆಯು ನಿಜವಾದ ಉಳಿತಾಯವೇ ಎಂಬುದನ್ನು ನಿರ್ಧರಿಸುವುದು ಕಾರಿನ ದಾಖಲೆಗಳೇ ಹೊರತು ಅದರ ಹೊಳಪಾಗಲಿ, ಓಡಿದ ಕಿಲೋಮೀಟರುಗಳಾಗಲಿ ಅಲ್ಲ.

ಮೋಟಾರು ವಾಹನಗಳ ಅಧಿನಿಯಮ, 1988ರ 39ನೇ ಪ್ರಕರಣದ ಮೇರೆಗೆ ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವಂತಿಲ್ಲ. ನೋಂದಣಿಗೆ ಅರ್ಹವಲ್ಲದ ಕಾರಿಗೆ ತೆತ್ತ ಹಣ ಅನೇಕ ವೇಳೆ ಒಂದು ಕುಟುಂಬದ ಹಲವು ವರ್ಷಗಳ ಉಳಿತಾಯವಾಗಿರುತ್ತದೆ. ಆದುದರಿಂದ ಮುಂಗಡ ಪಾವತಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

2. ಪ್ರದರ್ಶನ ಕಾರಿನ ಎರಡು ವಿಧಗಳು

"ಪ್ರದರ್ಶನ ಕಾರು" ಎಂಬ ಒಂದೇ ಹೆಸರಿನಲ್ಲಿ ಕಾನೂನಿನ ದೃಷ್ಟಿಯಿಂದ ಭಿನ್ನವಾದ ಎರಡು ಬಗೆಯ ವಾಹನಗಳು ಮಾರಾಟಕ್ಕೆ ಬರುತ್ತವೆ.

(ಅ) ನೋಂದಣಿಯಾಗದ ಕಾರು: ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ಮೇರೆಗೆ ಡೀಲರ್ ತನಗೆ ನೀಡಲಾದ ವ್ಯಾಪಾರ ಪ್ರಮಾಣ ಪತ್ರದ ಆಧಾರದ ಮೇಲೆ, ಸಂಭಾವ್ಯ ಖರೀದಿದಾರರಿಗೆ ತೋರಿಸುವ ಸಲುವಾಗಿ ಸಮಂಜಸ ಪರೀಕ್ಷಾ ಚಾಲನೆ ನಡೆಸಬಹುದು. ಇಂತಹ ಕಾರಿಗೆ ಮೊದಲ ನೋಂದಣಿಯಾಗುವುದು ಖರೀದಿದಾರರ ಹೆಸರಿನಲ್ಲಿಯೇ. ತಾತ್ಕಾಲಿಕ ಅಥವಾ ಕಾಯಂ ನೋಂದಣಿಯಾಗದೆ ವಾಹನವನ್ನು ಖರೀದಿದಾರರ ವಶಕ್ಕೆ ಕೊಡಲು ಡೀಲರ್‌ಗೆ ಅವಕಾಶವಿಲ್ಲ.

(ಆ) ನೋಂದಣಿಯಾದ ಕಾರು: ಡೀಲರ್ ತನ್ನ ಸಂಸ್ಥೆಯ ಹೆಸರಿನಲ್ಲಿ ಕಾರನ್ನು ನೋಂದಾಯಿಸಿ, ಜೀವಾವಧಿ ತೆರಿಗೆಯನ್ನು ಪಾವತಿಸಿ, ನಂತರ ಪ್ರದರ್ಶನಕ್ಕೆ ಬಳಸಿರುತ್ತಾರೆ. ಇಂತಹ ಕಾರನ್ನು ಕೊಳ್ಳುವವರು ದಾಖಲೆಗಳಲ್ಲಿ ಎರಡನೆಯ ಮಾಲೀಕರಾಗುತ್ತಾರೆ. ಕಾರು ಎರಡೇ ಸಾವಿರ ಕಿಲೋಮೀಟರು ಓಡಿದ್ದರೂ ಈ ಸ್ಥಿತಿ ಬದಲಾಗುವುದಿಲ್ಲ. 15 ವರ್ಷಗಳ ನೋಂದಣಿ ಅವಧಿಯೂ ಡೀಲರ್ ಹೆಸರಿನಲ್ಲಿ ನೋಂದಣಿಯಾದ ದಿನದಿಂದಲೇ ಎಣಿಕೆಯಾಗುತ್ತದೆ.

ಆದುದರಿಂದ ಡೀಲರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ರಿಯಾಯಿತಿ" ಎಂಬುದಲ್ಲ. "ಈ ಕಾರು ಈಗಾಗಲೇ ಯಾರ ಹೆಸರಿನಲ್ಲಾದರೂ ನೋಂದಣಿಯಾಗಿದೆಯೇ" ಎಂಬುದು.

3. ಪ್ರದರ್ಶನ ಕಾರಿನ ಬೆಲೆಯ ಲೆಕ್ಕ

ಕರ್ನಾಟಕದಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಖಾಸಗಿ ಕಾರುಗಳಿಗೆ ಜೀವಾವಧಿ ತೆರಿಗೆಯು ಬೆಲೆಯನ್ನು ಅನುಸರಿಸಿ 5 ಲಕ್ಷ ರೂಪಾಯಿಗಳವರೆಗೆ ಶೇ 13, 5ರಿಂದ 10 ಲಕ್ಷದವರೆಗೆ ಶೇ 14, 10ರಿಂದ 20 ಲಕ್ಷದವರೆಗೆ ಶೇ 17 ಹಾಗೂ 20 ಲಕ್ಷ ಮೀರಿದಲ್ಲಿ ಶೇ 18 ಆಗಿರುತ್ತದೆ. ಉಪಕರಗಳು ಇದಕ್ಕೆ ಪ್ರತ್ಯೇಕ.

ಉದಾಹರಣೆಗೆ, ಮಳಿಗೆ ಬೆಲೆ 12 ಲಕ್ಷ ರೂಪಾಯಿ ಇರುವ ಹೊಸ ಕಾರಿಗೆ ಜೀವಾವಧಿ ತೆರಿಗೆ 2.04 ಲಕ್ಷ ಸೇರಿ ವೆಚ್ಚ 14.04 ಲಕ್ಷವಾಗುತ್ತದೆ. ಅದೇ ಮಾದರಿಯ, ರಾಜ್ಯದಲ್ಲಿ ನೋಂದಣಿಯಾದ ಪ್ರದರ್ಶನ ಕಾರನ್ನು ಶೇ 15ರ ರಿಯಾಯಿತಿಯಲ್ಲಿ 10.20 ಲಕ್ಷಕ್ಕೆ ಕೊಟ್ಟಲ್ಲಿ, ಜೀವಾವಧಿ ತೆರಿಗೆ ಈಗಾಗಲೇ ಪಾವತಿಯಾಗಿರುವುದರಿಂದ ಮಾಲೀಕತ್ವ ವರ್ಗಾವಣೆಯ ಶುಲ್ಕ ಮಾತ್ರ ಉಳಿಯುತ್ತದೆ. ವ್ಯತ್ಯಾಸ ಸುಮಾರು 3.84 ಲಕ್ಷ. ಕಾರು ನೋಂದಣಿಯಾಗದೇ ಇದ್ದಲ್ಲಿ ಅದೇ ಶೇ 15ರ ರಿಯಾಯಿತಿಯ ಮೇಲೆ ಜೀವಾವಧಿ ತೆರಿಗೆಯ ಹೊರೆ ಖರೀದಿದಾರರ ಮೇಲೆಯೇ ಬೀಳುತ್ತದೆ. ಆದರೆ ಅವರು ಮೊದಲ ಮಾಲೀಕರಾಗುತ್ತಾರೆ. ಹೀಗೆ ಒಂದೇ ಪ್ರಮಾಣದ ರಿಯಾಯಿತಿಗೆ ಎರಡು ಬೇರೆ ಬೆಲೆಗಳಿವೆ.

ರಿಯಾಯಿತಿ ಸಮಂಜಸವೇ ಎಂಬುದನ್ನು ಅಳೆಯಲು ವಿಮೆಯ ಮಾನದಂಡವು ಉಪಯುಕ್ತ. ವಿಮಾ ಉದ್ದೇಶಕ್ಕಾಗಿ ಕಾರಿನ ಮೌಲ್ಯವನ್ನು 6 ತಿಂಗಳವರೆಗೆ ಶೇ 5, 6 ತಿಂಗಳಿಂದ 1 ವರ್ಷದವರೆಗೆ ಶೇ 15, 1ರಿಂದ 2 ವರ್ಷದವರೆಗೆ ಶೇ 20ರಷ್ಟು ಇಳಿಸಲಾಗುತ್ತದೆ. ಹತ್ತು ತಿಂಗಳು ಓಡಿದ ಕಾರಿಗೆ ಶೇ 6ರ ರಿಯಾಯಿತಿ ಕೊಟ್ಟಲ್ಲಿ ಖರೀದಿದಾರರು ಸವಕಳಿಯ ಭಾಗವನ್ನೂ ತಾವೇ ಭರಿಸಿದಂತಾಗುತ್ತದೆ.

ಸರಕು ಮತ್ತು ಸೇವಾ ತೆರಿಗೆಯ ವಿಷಯದಲ್ಲಿ, ಪ್ರದರ್ಶನ ಕಾರಿನ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯಲು ಡೀಲರ್‌ಗಳಿಗೆ ಅವಕಾಶವಿರುವುದನ್ನು ಕೇಂದ್ರ ಪರೋಕ್ಷ ತೆರಿಗೆಗಳ ಮಂಡಳಿಯು 2024ರ ಸೆಪ್ಟೆಂಬರ್ 10ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಜಮೆ ಪಡೆದಿದ್ದಲ್ಲಿ ಮಾರಾಟದ ಪೂರ್ಣ ಬೆಲೆಯ ಮೇಲೆ ತೆರಿಗೆ ಬರುತ್ತದೆ. ಪಡೆಯದಿದ್ದಲ್ಲಿ ಹಳೆಯ ವಾಹನಗಳಿಗೆ ಅನ್ವಯಿಸುವಂತೆ ಲಾಭಾಂಶದ ಮೇಲೆ ಮಾತ್ರ ಶೇ 18 ಬರುತ್ತದೆ. ಆದುದರಿಂದ ಎಲ್ಲ ತೆರಿಗೆಗಳೂ ಸೇರಿದ ಅಂತಿಮ ಬೆಲೆಯನ್ನು ಲಿಖಿತವಾಗಿ ಪಡೆದು ಹೋಲಿಸುವುದು ಉತ್ತಮ. ಬೆಲೆ 10 ಲಕ್ಷ ರೂಪಾಯಿ ಮೀರಿದಲ್ಲಿ ಡೀಲರ್ ಶೇ 1ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲಿ ಸಂಗ್ರಹಿಸುತ್ತಾರೆ. ಇದನ್ನು ಖರೀದಿದಾರರು ತಮ್ಮ ಆದಾಯ ತೆರಿಗೆ ವಿವರಣೆಯಲ್ಲಿ ಜಮೆಗೆ ಹಿಡಿಯಬಹುದು.

4. ಪ್ರದರ್ಶನ ಕಾರಿನಲ್ಲಿ ಪರಿಶೀಲಿಸಬೇಕಾದ ಅಂಶಗಳು

(ಅ) ನಮೂನೆ 21ರ ಮಾರಾಟ ಪ್ರಮಾಣ ಪತ್ರದಲ್ಲಿ ನಮೂದಾಗಿರುವ ತಯಾರಿಕೆಯ ತಿಂಗಳು ಮತ್ತು ವರ್ಷ. ನೋಂದಣಿ ಹೊಸದಾಗಿದ್ದರೂ ತಯಾರಿಕೆ ಹಳೆಯದಾಗಿರಬಹುದು.

(ಆ) ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ದಾಖಲೆಗಳೊಂದಿಗೆ ತಾಳೆಯಾಗುತ್ತವೆಯೇ ಎಂಬುದು.

(ಇ) ತಯಾರಕರ ವಾರಂಟಿ ಯಾವ ದಿನಾಂಕದಿಂದ ಆರಂಭವಾಗಿದೆ, ಎಷ್ಟು ಉಳಿದಿದೆ ಎಂಬುದು.

(ಈ) ಸರ್ವಿಸ್ ದಾಖಲೆ, ಅಪಘಾತದ ದುರಸ್ತಿ ಹಾಗೂ ವಿಮಾ ಕ್ಲೇಮಿನ ವಿವರ. ಪ್ರದರ್ಶನ ಕಾರನ್ನು ಅನೇಕ ಚಾಲಕರು ಬಳಸಿರುವುದರಿಂದ ಕ್ಲಚ್, ಬ್ರೇಕ್ ಮತ್ತು ಟೈರುಗಳ ಸವೆತವನ್ನು ವಿಶೇಷವಾಗಿ ಗಮನಿಸುವುದು.

(ಉ) ನೋಂದಣಿಯಾದ ಕಾರಿನ ಮೇಲೆ ಸಾಲದ ಕರಾರು ಇದ್ದಲ್ಲಿ, ಸಾಲ ತೀರಿದ ಬಗ್ಗೆ ಹಣಕಾಸು ಸಂಸ್ಥೆಯ ಸಹಿಯುಳ್ಳ ನಮೂನೆ 35. ಬಾಕಿ ದಂಡಗಳಿದ್ದಲ್ಲಿ ಅವುಗಳ ಪಾವತಿ ರಸೀದಿ.

ನೋಂದಣಿಯಾದ ಕಾರಿನ ವರ್ಗಾವಣೆಗೆ ನಮೂನೆ 29 ಮತ್ತು 30 ಅನ್ವಯಿಸುತ್ತವೆ. ರಾಜ್ಯದೊಳಗಿನ ವರ್ಗಾವಣೆಯಲ್ಲಿ ಮಾರಾಟಗಾರರು 14 ದಿನಗಳೊಳಗೆ, ಖರೀದಿದಾರರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಸಲ್ಲಿಸತಕ್ಕದ್ದು. ವಿಮೆಯನ್ನು ತಮ್ಮ ಹೆಸರಿಗೆ ಬದಲಾಯಿಸುವಂತೆ ಖರೀದಿದಾರರು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸತಕ್ಕದ್ದು. ಕಾರು ಹೊರ ರಾಜ್ಯದಲ್ಲಿ ನೋಂದಣಿಯಾಗಿದ್ದಲ್ಲಿ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕಾಗುವುದಲ್ಲದೆ, ಕರ್ನಾಟಕದಲ್ಲಿ ತೆರಿಗೆಯನ್ನು ಪ್ರತ್ಯೇಕವಾಗಿ ಪಾವತಿಸಬೇಕಾಗುತ್ತದೆ. ಮೇಲಿನ ಲೆಕ್ಕದಲ್ಲಿ ತೋರಿಸಿದ ಉಳಿತಾಯದ ದೊಡ್ಡ ಭಾಗ ಆಗ ಇಲ್ಲವಾಗುತ್ತದೆ.

5. ವಿದೇಶದಿಂದ ತರುವ ಕಾರಿಗೆ ಇರುವ ಷರತ್ತುಗಳು

ಕಾರುಗಳ ಆಮದು ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ನೀತಿಗೆ ಒಳಪಟ್ಟಿರುತ್ತದೆ. ಹಳೆಯ ಕಾರುಗಳಿಗೆ ಸಂಬಂಧಿಸಿದ ಮುಖ್ಯ ಷರತ್ತುಗಳು ಇಂತಿವೆ:

(ಅ) ತಯಾರಿಕೆಯ ದಿನಾಂಕದಿಂದ 3 ವರ್ಷ ಮೀರಿರಬಾರದು.

(ಆ) ಸ್ಟೀರಿಂಗ್ ಬಲಭಾಗದಲ್ಲಿರಬೇಕು, ವೇಗಮಾಪಕವು ಕಿಲೋಮೀಟರುಗಳಲ್ಲಿರಬೇಕು, ಮುಂದೀಪಗಳು ಎಡಬದಿಯ ಸಂಚಾರಕ್ಕೆ ಹೊಂದುವಂತಿರಬೇಕು.

(ಇ) ಕನಿಷ್ಠ 5 ವರ್ಷ ರಸ್ತೆಯಲ್ಲಿ ಓಡಲು ಯೋಗ್ಯವಾಗಿರಬೇಕು. ಹಡಗಿಗೆ ಏರಿಸುವ ಮುನ್ನ ತಪಾಸಣಾ ಪ್ರಮಾಣ ಪತ್ರವನ್ನೂ, ಭಾರತಕ್ಕೆ ಬಂದ ನಂತರ ಅಧಿಕೃತ ಸಂಸ್ಥೆಯ ಪರೀಕ್ಷೆಯನ್ನೂ ಪೂರೈಸಬೇಕು. ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಇಂತಹ ಸಂಸ್ಥೆಗಳಲ್ಲಿ ಒಂದು.

(ಈ) ಮುಂಬಯಿ ಬಂದರಿನ ಮೂಲಕ ಮಾತ್ರ ತರಬಹುದು. ಆದುದರಿಂದ ಕರಾವಳಿ ಜಿಲ್ಲೆಗಳ ನಿವಾಸಿಗಳು ಹಳೆಯ ಕಾರನ್ನು ನವಮಂಗಳೂರು ಬಂದರಿನಲ್ಲಿ ಇಳಿಸಿಕೊಳ್ಳಲಾಗದು.

ವಿದೇಶದಲ್ಲಿ ಎರಡು ವರ್ಷ ನಿರಂತರವಾಗಿ ನೆಲೆಸಿ, ಕಾಯಂ ಆಗಿ ಭಾರತಕ್ಕೆ ಮರಳುವವರಿಗೆ ಕಾರು ತರಲು ನೀತಿಯಲ್ಲಿ ಅವಕಾಶವಿದೆ. ಕಾರು ಅಲ್ಲಿ ಕನಿಷ್ಠ ಒಂದು ವರ್ಷ ಅವರ ಸ್ವಾಧೀನದಲ್ಲಿ ಇದ್ದಿರಬೇಕು. ಆದರೆ ಇದು ತರಲು ಇರುವ ಅವಕಾಶವೇ ಹೊರತು ಸುಂಕದ ವಿನಾಯಿತಿಯಲ್ಲ. ವಾಸ ಬದಲಾವಣೆಯ ಗೃಹೋಪಯೋಗಿ ವಸ್ತುಗಳಿಗೆ ದೊರೆಯುವ ರಿಯಾಯಿತಿ ಕಾರಿಗೆ ದೊರೆಯುವುದಿಲ್ಲ.

ಮಂಗಳೂರು, ಉಡುಪಿ, ಭಟ್ಕಳ ಮುಂತಾದ ಕಡೆಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗಕ್ಕೆ ತೆರಳಿದವರು ಒಂದು ಅಂಶವನ್ನು ವಿಶೇಷವಾಗಿ ಗಮನಿಸುವುದು. ದುಬೈ, ಕುವೈತ್, ಸೌದಿ ಅರೇಬಿಯ, ಕತಾರ್ ಮುಂತಾದೆಡೆ ಸಂಚಾರ ಬಲಬದಿಯಲ್ಲಿದ್ದು, ಅಲ್ಲಿನ ಕಾರುಗಳ ಸ್ಟೀರಿಂಗ್ ಎಡಭಾಗದಲ್ಲಿರುತ್ತದೆ. ಅಂತಹ ಕಾರು ಮೇಲ್ಕಂಡ ಷರತ್ತನ್ನು ಪೂರೈಸುವುದಿಲ್ಲ. ಇದನ್ನು ಅರಿಯದೆ ಹಡಗಿಗೆ ಏರಿಸಿದಲ್ಲಿ ಕಾರು ಬಂದರಿನಲ್ಲಿಯೇ ಉಳಿದು, ದಿನದಿನಕ್ಕೆ ವಿಳಂಬ ಶುಲ್ಕ ಬೆಳೆಯುತ್ತದೆ. ಬ್ರಿಟನ್, ಜಪಾನ್, ಸಿಂಗಪುರ, ಆಸ್ಟ್ರೇಲಿಯಗಳಲ್ಲಿ ಸ್ಟೀರಿಂಗ್ ಬಲಭಾಗದಲ್ಲಿರುವುದರಿಂದ ಈ ತೊಡಕು ಇರುವುದಿಲ್ಲ. ಉಳಿದ ಷರತ್ತುಗಳು ಅನ್ವಯಿಸುತ್ತವೆ.

6. ಆಮದು ಸುಂಕದ ಲೆಕ್ಕ

2025ರ ಕೇಂದ್ರ ಆಯವ್ಯಯದ ನಂತರ ಹಳೆಯ ಕಾರಿನ ಮೇಲೆ ಮೂಲ ಸುಂಕ ಶೇ 70 ಹಾಗೂ ಕೃಷಿ ಮೂಲಸೌಕರ್ಯ ಉಪಕರ ಶೇ 67.5, ಒಟ್ಟು ಶೇ 137.5 ಆಗಿರುತ್ತದೆ. ಇದರ ಮೇಲೆ ಸಮಗ್ರ ಸರಕು ಮತ್ತು ಸೇವಾ ತೆರಿಗೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಇದರ ದರವು ಸಣ್ಣ ಕಾರುಗಳಿಗೆ ಶೇ 18, ದೊಡ್ಡವಕ್ಕೆ ಶೇ 40.

ಸುಂಕಕ್ಕಾಗಿ ಮೌಲ್ಯ ನಿರ್ಧರಿಸುವಾಗ ಸವಕಳಿಯನ್ನು ಮೊದಲ ವರ್ಷ ಪ್ರತಿ ತ್ರೈಮಾಸಿಕಕ್ಕೆ ಶೇ 4, ಎರಡನೆಯ ವರ್ಷ ಶೇ 3, ಮೂರನೆಯ ವರ್ಷ ಶೇ 2.5ರಂತೆ ಕಳೆಯಲಾಗುತ್ತದೆ. ಪೂರ್ಣ ಮೂರು ವರ್ಷಕ್ಕೆ ಇದು ಶೇ 38 ಮಾತ್ರ.

ಸವಕಳಿ ಕಳೆದು, ಸಾಗಣೆ ಮತ್ತು ವಿಮೆ ಸೇರಿಸಿ, ದೊಡ್ಡ ಕಾರೊಂದರ ಮೌಲ್ಯ 10 ಲಕ್ಷ ರೂಪಾಯಿ ಎಂದು ನಿರ್ಧಾರವಾಯಿತೆಂದು ಭಾವಿಸಿದಲ್ಲಿ:

ನಿರ್ಧರಿತ ಮೌಲ್ಯ: 10.00 ಲಕ್ಷ
ಸುಂಕ ಮತ್ತು ಉಪಕರ, ಶೇ 137.5: 13.75 ಲಕ್ಷ
ಉಪಮೊತ್ತ: 23.75 ಲಕ್ಷ
ಸಮಗ್ರ ತೆರಿಗೆ, ಶೇ 40: 9.50 ಲಕ್ಷ
ಒಟ್ಟು: 33.25 ಲಕ್ಷ

ಕರ್ನಾಟಕದ ಜೀವಾವಧಿ ತೆರಿಗೆಯು ಸುಂಕ ಸೇರಿದ ಬೆಲೆಯ ಮೇಲೆ ಇರುವುದರಿಂದ, ಶೇ 18ರ ದರದಲ್ಲಿ ಇನ್ನೂ ಸುಮಾರು 6 ಲಕ್ಷ ಸೇರುತ್ತದೆ. ಹತ್ತು ಲಕ್ಷ ಮೌಲ್ಯದ ಕಾರನ್ನು ಮನೆಯ ಅಂಗಳಕ್ಕೆ ತರಲು ಸುಮಾರು 29 ಲಕ್ಷ ರೂಪಾಯಿಗಳು ತೆರಿಗೆಯಾಗಿಯೇ ಬೇಕಾಗುತ್ತವೆ. ಪರೀಕ್ಷೆ, ಬಂದರು ಮತ್ತು ಒಳನಾಡು ಸಾಗಣೆಯ ವೆಚ್ಚಗಳು ಬೇರೆ.

ಅನ್ವಯಿಸುವ ಸುಂಕದ ದರವು ಕಾರು ಕೊಂಡ ದಿನದ್ದಲ್ಲ. ಆಮದು ಘೋಷಣಾ ಪತ್ರವಾದ ಬಿಲ್ ಆಫ್ ಎಂಟ್ರಿ ಸಲ್ಲಿಕೆಯ ಸಮಯದ್ದು. ಆದುದರಿಂದ ಹಡಗಿಗೆ ಏರಿಸುವ ಮುನ್ನ ದರಗಳನ್ನು ಕಸ್ಟಮ್ಸ್ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.

7. ಆಮದು ಕಾರಿನ ನೋಂದಣಿ

ನಮೂನೆ 20ರ ಅರ್ಜಿಯೊಂದಿಗೆ ಕಸ್ಟಮ್ಸ್ ತೀರುವಳಿ ಪ್ರಮಾಣ ಪತ್ರ, ಬಿಲ್ ಆಫ್ ಎಂಟ್ರಿ, ಸುಂಕ ಪಾವತಿಯ ರಸೀದಿ, ಪರೀಕ್ಷಾ ಪ್ರಮಾಣ ಪತ್ರ, ವಿಮೆ ಮತ್ತು ವಿಳಾಸದ ದಾಖಲೆಗಳನ್ನು ಲಗತ್ತಿಸತಕ್ಕದ್ದು. ಅಧಿಕೃತ ಡೀಲರ್ ಮಾರಿದ ಹೊಸ ಕಾರನ್ನು ಮೊದಲ ನೋಂದಣಿಗಾಗಿ ಕಚೇರಿಗೆ ತರಬೇಕಾಗಿಲ್ಲ. ಸ್ವತಃ ಆಮದು ಮಾಡಿಕೊಂಡ ಕಾರನ್ನು ತಪಾಸಣೆಗೆ ಹಾಜರುಪಡಿಸಬೇಕು. ಬೇರೊಬ್ಬರು ಆಮದು ಮಾಡಿದ ಕಾರನ್ನು ಕೊಳ್ಳುವವರು ಸಹ ಬಿಲ್ ಆಫ್ ಎಂಟ್ರಿಯ ಪ್ರತಿಯನ್ನು ಕೇಳಿ ಪಡೆಯುವುದು.

8. ಆಯ್ಕೆಯ ನಿರ್ಧಾರ

ದಿನನಿತ್ಯದ ಬಳಕೆಗೆ ಕಡಿಮೆ ಖರ್ಚಿನ ಕಾರನ್ನು ಅರಸುವವರಿಗೆ, ಈ ರಾಜ್ಯದಲ್ಲಿಯೇ ನೋಂದಣಿಯಾಗಿ ತೆರಿಗೆ ಪಾವತಿಯಾದ ಪ್ರದರ್ಶನ ಕಾರು ಹೆಚ್ಚು ಉಳಿತಾಯದ ಮಾರ್ಗ. ಕೆಲವು ವರ್ಷಗಳಲ್ಲಿ ಮಾರುವ ಉದ್ದೇಶವುಳ್ಳವರು ಎರಡನೆಯ ಮಾಲೀಕತ್ವದಿಂದ ಮರುಮಾರಾಟದ ಬೆಲೆ ತಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡು, ನೋಂದಣಿಯಾಗದ ಪ್ರದರ್ಶನ ಕಾರಿನೊಂದಿಗೆ ಹೋಲಿಸುವುದು.

ವಿದೇಶದ ಕಾರು ಉಳಿತಾಯದ ಮಾರ್ಗವಲ್ಲ. ಭಾರತದಲ್ಲಿ ದೊರೆಯದ ಮಾದರಿ, ಅಂಗವಿಕಲರಿಗಾಗಿ ಮಾರ್ಪಡಿಸಿದ ಕಾರು ಮುಂತಾದ ವಿಶೇಷ ಕಾರಣವಿದ್ದು, ತೆರಿಗೆಯ ಹೊರೆಯನ್ನು ಅರಿತು ಭರಿಸಬಲ್ಲವರಿಗೆ ಮಾತ್ರ ಅದು ಸೂಕ್ತ. ಅಲ್ಲಿನ ವಾರಂಟಿ ಇಲ್ಲಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಬಿಡಿಭಾಗಗಳ ಲಭ್ಯತೆಯನ್ನೂ ಮೊದಲೇ ವಿಚಾರಿಸಬೇಕು. ವಿದೇಶದಿಂದ ಮರಳುವ ಬಹುಪಾಲು ಕುಟುಂಬಗಳಿಗೆ ಅಲ್ಲಿನ ಕಾರನ್ನು ಅಲ್ಲಿಯೇ ಮಾರಿ, ಆ ಹಣದಿಂದ ಇಲ್ಲಿ ಕಾರು ಕೊಳ್ಳುವುದು ಲಾಭದಾಯಕ.

ಯಾವ ಮಾರ್ಗವನ್ನು ಆಯ್ದರೂ, ದಾಖಲೆಗಳ ಪ್ರತಿಗಳನ್ನು ಮುಂಗಡಕ್ಕೆ ಮೊದಲೇ ಪಡೆದು, ಸಂದೇಹವಿದ್ದಲ್ಲಿ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು. ಹಣ ಪಾವತಿಯಾದ ನಂತರ ಕೇಳುವ ಪ್ರಶ್ನೆಗೆ ಉತ್ತರ ದೊರೆತರೂ ಪರಿಹಾರ ದೊರೆಯುವುದು ಕಷ್ಟ.