ಸರ್ಕಿಟ್ ಬೋರ್ಡ್ ವಿನ್ಯಾಸ: ಉಚಿತವೆಲ್ಲ ಮುಕ್ತವಲ್ಲ

ವಿದ್ಯುನ್ಮಾನ ಉಪಕರಣಗಳ ಸರ್ಕಿಟ್ ಬೋರ್ಡ್ ವಿನ್ಯಾಸಕ್ಕೆ ಬಹುಕಾಲ ಬಳಕೆಯಲ್ಲಿದ್ದ 'ಈಗಲ್' ತಂತ್ರಾಂಶವನ್ನು 2026ರ ಜೂನ್ 7ಕ್ಕೆ ಕೊನೆಗೊಳಿಸುವುದಾಗಿ ಆಟೋಡೆಸ್ಕ್ ಸಂಸ್ಥೆಯು 2023ರಲ್ಲಿ ಪ್ರಕಟಿಸಿತು. ಜರ್ಮನಿಯ ಕ್ಯಾಡ್‌ಸಾಫ್ಟ್ ಸಂಸ್ಥೆ 1988ರಲ್ಲಿ ಹೊರತಂದ ಈ ತಂತ್ರಾಂಶಕ್ಕೆ ಒಂದು ಉಚಿತ ಆವೃತ್ತಿಯೂ ಇತ್ತು. ಎರಡು ತಾಮ್ರ ಪದರಗಳ ಸಣ್ಣ ಬೋರ್ಡುಗಳಿಗಷ್ಟೇ ಅದು ಸೀಮಿತವಾಗಿದ್ದರೂ ವಿದ್ಯಾರ್ಥಿಗಳು, ಹವ್ಯಾಸಿಗಳು ಅದನ್ನೇ ನೆಚ್ಚಿಕೊಂಡಿದ್ದರು. 2016ರಲ್ಲಿ ಒಡೆತನ ಆಟೋಡೆಸ್ಕ್ ಪಾಲಾಯಿತು. ಮರುವರ್ಷವೇ ಒಮ್ಮೆ ಹಣ ತೆತ್ತು ಕೊಳ್ಳುವ ಪದ್ಧತಿ ಹೋಗಿ ಚಂದಾ ಪದ್ಧತಿ ಬಂದಿತು. ಕೊನೆಗೆ ತಂತ್ರಾಂಶಕ್ಕೇ ತೆರೆ ಎಳೆಯುವ ಪ್ರಕಟಣೆ ಹೊರಬಿತ್ತು. ಬಳಕೆದಾರರು ವರ್ಷಗಟ್ಟಲೆ ಕುಳಿತು ರಚಿಸಿದ ನಕ್ಷೆಗಳ ಗತಿ ಏನು ಎಂಬ ಪ್ರಶ್ನೆ ಹುಟ್ಟಿದ್ದು ಹೀಗೆ.

ಈ ಕ್ಷೇತ್ರದಲ್ಲಿ ತಂತ್ರಾಂಶ ಆಯ್ದುಕೊಳ್ಳುವವರು ಮೊದಲು ಗಮನಿಸಬೇಕಾದ ವ್ಯತ್ಯಾಸವೂ ಇದೇ. ಬಿಟ್ಟಿ ದೊರೆಯುವುದೆಲ್ಲ ಮುಕ್ತ ತಂತ್ರಾಂಶವಲ್ಲ. ಮುಕ್ತ ತಂತ್ರಾಂಶದ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಯಾರಕರು ಕೈಬಿಟ್ಟರೂ ಇನ್ನೊಬ್ಬರು ಅದನ್ನು ಮುಂದುವರಿಸಲು ಅಡ್ಡಿಯಿಲ್ಲ. ಅಂತರಜಾಲದಲ್ಲೇ ಬಳಸಬಹುದಾದ 'ಈಸಿಇಡಿಎ' ಉಚಿತವಾಗಿ ದೊರೆಯುತ್ತದೆ, ಆದರೆ ಮುಕ್ತ ತಂತ್ರಾಂಶವಲ್ಲ. 'ಫ್ರಿಟ್ಜಿಂಗ್' ಇದಕ್ಕೆ ತದ್ವಿರುದ್ಧ: ಅದರ ಆಕರ ಸಂಕೇತ ಮುಕ್ತವಾಗಿದೆ, ಅಧಿಕೃತ ತಾಣದಿಂದ ಸಿದ್ಧ ಪ್ರತಿ ಪಡೆಯಲು ಮಾತ್ರ ಹಣ ಕೊಡಬೇಕು. ಬ್ರೆಡ್‌ಬೋರ್ಡಿನ ಮೇಲೆ ತಂತಿ ಚುಚ್ಚಿ ಕಲಿಯುವ ಆರಂಭಿಕರಿಗೆ ಅದು ಹಿತವೆನಿಸಬಹುದು. ಗಂಭೀರ ವಿನ್ಯಾಸಕ್ಕೆ ಸಾಲದು.

ಮುಕ್ತ ತಂತ್ರಾಂಶಗಳ ಪೈಕಿ ಇಂದು ಮುಂಚೂಣಿಯಲ್ಲಿರುವುದು 'ಕೀಕ್ಯಾಡ್'. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಝಾನ್-ಪಿಯೇರ್ ಶಾರಾ ಎಂಬುವವರು 1992ರಲ್ಲಿ ಇದನ್ನು ಆರಂಭಿಸಿದರು. ದೀರ್ಘಕಾಲ ಅದು ಹವ್ಯಾಸಿಗಳ ಸಾಧನವೆಂದೇ ಪರಿಗಣಿತವಾಗಿತ್ತು. ಜಿನೀವಾದ ಬಳಿಯ ಪರಮಾಣು ಸಂಶೋಧನಾ ಕೇಂದ್ರ ಸರ್ನ್ 2013ರಲ್ಲಿ ಇದರ ಅಭಿವೃದ್ಧಿಗೆ ಕೈಜೋಡಿಸಿದ ಮೇಲೆ ಚಿತ್ರ ಬದಲಾಯಿತು. ಸರ್ನ್‌ಗೆ ತನ್ನದೇ ಆದ ಕಾರಣವಿತ್ತು. ತನ್ನ ಯಂತ್ರೋಪಕರಣಗಳ ವಿನ್ಯಾಸಗಳನ್ನು ಅದು ಎಲ್ಲರಿಗೂ ತೆರೆದಿಟ್ಟಿತ್ತು. ಆದರೆ ಆ ನಕ್ಷೆಗಳನ್ನು ತೆರೆದು ನೋಡಲು ದುಬಾರಿ ತಂತ್ರಾಂಶವೇ ಬೇಕೆಂದರೆ ತೆರೆದಿಟ್ಟೇನು ಫಲ? ಹೊಸ ತಾಮ್ರದ ಗೆರೆ ಎಳೆಯುವಾಗ ಅಡ್ಡಬಂದ ಹಳೆಯ ಗೆರೆಗಳನ್ನು ತಾನಾಗಿಯೇ ಪಕ್ಕಕ್ಕೆ ಸರಿಸುವ ಸೌಲಭ್ಯ ಕೀಕ್ಯಾಡ್‌ಗೆ ಬಂದದ್ದು ಸರ್ನ್ ತಂತ್ರಜ್ಞರಿಂದ. 2018ರ ಐದನೇ ಆವೃತ್ತಿಯಲ್ಲಿ ಈಗಲ್ ಕಡತಗಳನ್ನು ಆಮದು ಮಾಡಿಕೊಳ್ಳುವ ವ್ಯವಸ್ಥೆಯೂ ಸೇರಿತು. ಈಗಲ್‌ನ ಆರನೇ ಆವೃತ್ತಿಯಿಂದೀಚಿನ ಕಡತಗಳು ಎಕ್ಸ್‌ಎಂಎಲ್ ಪಠ್ಯರೂಪದಲ್ಲಿದ್ದುದು ಅದಕ್ಕೆ ನೆರವಾಯಿತು.

ಕೀಕ್ಯಾಡ್‌ನಲ್ಲಿ ಬೋರ್ಡಿನ ಅಳತೆಗೆ ಪರವಾನಗಿಯ ಮಿತಿಯಿಲ್ಲ. ತಾಮ್ರ ಪದರಗಳು 32ರವರೆಗೆ ಇರಬಹುದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಒಂದು ತೊಡಕಿದೆ: ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಮನೆಯ ಗಣಕದಲ್ಲಿ ಹೊಸದು, ಕಾಲೇಜಿನ ಪ್ರಯೋಗಾಲಯದಲ್ಲಿ ಹಳೆಯದು ಇದ್ದರೆ ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ದಿನ ಫಜೀತಿ ಖಂಡಿತ. ತಂಡವಾಗಿ ದುಡಿಯುವವರು ಒಂದೇ ಆವೃತ್ತಿಗೆ ಬದ್ಧರಾಗುವುದು ಲೇಸು.

ಉಳಿದವುಗಳ ಪೈಕಿ 'ಜಿಇಡಿಎ' ಲಿನಕ್ಸ್ ಲೋಕದಲ್ಲಿ ಒಂದು ಕಾಲಕ್ಕೆ ಹೆಸರಾಗಿತ್ತು. ಅದರೊಡನೆ ಬಳಸುತ್ತಿದ್ದ 'ಪಿಸಿಬಿ' ಎಂಬ ತಂತ್ರಾಂಶ ಮೊದಲು ಅಟಾರಿ ಗಣಕಕ್ಕಾಗಿ ಬರೆದದ್ದು. ಅದರ ಕವಲಾದ 'ಪಿಸಿಬಿ-ಆರ್‌ಎನ್‌ಡಿ'ಗೆ ಈಗಲೂ ನಿಷ್ಠರಿದ್ದಾರೆ, ಹೊಸಬರಿಗೆ ಅದು ಕಠಿಣ. 2023ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ 'ಲಿಬ್ರೆಪಿಸಿಬಿ' ಸರಳ, ಸ್ವಚ್ಛ. ಸಣ್ಣ ಬೋರ್ಡುಗಳಿಗೆ ಧಾರಾಳ ಸಾಕು.

ಭಾರತದಲ್ಲಿ ಐಐಟಿ ಬಾಂಬೆಯ ಫಾಸಿ ಯೋಜನೆಯು ಕೀಕ್ಯಾಡ್ ಮತ್ತು ಎನ್‌ಜಿಸ್ಪೈಸ್ ಎಂಬ ಅನುಕರಣಾ ತಂತ್ರಾಂಶವನ್ನು ಜೋಡಿಸಿ 'ಇಸಿಮ್' ರೂಪಿಸಿದೆ. ಬೋರ್ಡು ಮಾಡಿಸುವ ಮೊದಲೇ ವಿದ್ಯುನ್ಮಂಡಲದ ವರ್ತನೆಯನ್ನು ಗಣಕದಲ್ಲಿ ಪರೀಕ್ಷಿಸಬೇಕೆನ್ನುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಉಪಯುಕ್ತ.

ಯಾವ ತಂತ್ರಾಂಶ ಆಯ್ದುಕೊಂಡರೂ ಕೆಲಸದ ಕ್ರಮ ಒಂದೇ. ಮೊದಲು ವಿದ್ಯುನ್ಮಂಡಲದ ನಕ್ಷೆ, ಬಳಿಕ ಬಿಡಿಭಾಗಗಳ ಜೋಡಣೆ ಮತ್ತು ತಾಮ್ರದ ಗೆರೆಗಳು, ಕೊನೆಗೆ ಕಾರ್ಖಾನೆಗೆ ಕಳಿಸುವ ಗರ್ಬರ್ ಹಾಗೂ ರಂಧ್ರಗಳ ಕಡತಗಳು. ಗರ್ಬರ್ ಎಲ್ಲ ತಯಾರಕರೂ ಒಪ್ಪುವ ರೂಪವಾದ್ದರಿಂದ ಬೋರ್ಡು ಮಾಡಿಸಲು ತಂತ್ರಾಂಶದ ಆಯ್ಕೆ ಅಡ್ಡಿಯಾಗದು. ಆದರೆ ಗರ್ಬರ್ ಇದ್ದಮಾತ್ರಕ್ಕೆ ವಿನ್ಯಾಸ ಕೈಯಲ್ಲಿದೆ ಎನ್ನಲಾಗದು. ಅದರಲ್ಲಿ ಇರುವುದು ಪದರಗಳ ಚಿತ್ರ. ಮುಂದೆ ತಿದ್ದಲು ಮೂಲ ಕಡತವೇ ಬೇಕು.

ಹೊಸಬರ ಹಣ ಪೋಲಾಗುವುದು ಹೆಚ್ಚಾಗಿ ಫುಟ್‌ಪ್ರಿಂಟ್‌ನಲ್ಲಿ, ಅಂದರೆ ಬಿಡಿಭಾಗವು ಬೋರ್ಡಿನ ಮೇಲೆ ಕೂರುವ ಜಾಗದ ಗುರುತಿನಲ್ಲಿ. ಬಿಸಿ547 ಮತ್ತು 2ಎನ್3904 ಟ್ರಾನ್ಸಿಸ್ಟರುಗಳು ನೋಡಲು ಅವಳಿಗಳು. ಚಪ್ಪಟೆ ಮುಖವನ್ನು ಎದುರಿಗಿಟ್ಟು ಎಡದಿಂದ ಎಣಿಸಿದರೆ ಮೊದಲನೆಯದರ ಕಾಲುಗಳು ಕಲೆಕ್ಟರ್, ಬೇಸ್, ಎಮಿಟರ್. ಎರಡನೆಯದರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ನಕ್ಷೆಯಲ್ಲಿ ಒಂದನ್ನು ಇಟ್ಟು ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಿಂದ ಇನ್ನೊಂದನ್ನು ತಂದರೆ ತಂತ್ರಾಂಶದ ಯಾವ ತಪಾಸಣೆಯೂ ಎಚ್ಚರಿಸದು. ಗೆರೆಗಳ ನಡುವಿನ ಅಂತರ, ಬಿಟ್ಟುಹೋದ ಸಂಪರ್ಕಗಳನ್ನಷ್ಟೇ ಅದು ಬಲ್ಲದು. ತಯಾರಕರ ಮಾಹಿತಿ ಪತ್ರದೊಂದಿಗೆ ಪ್ರತಿಯೊಂದು ಕಾಲನ್ನೂ ತಾಳೆ ನೋಡುವುದು ವಿನ್ಯಾಸಕಾರರ ಹೊಣೆ.

ಅಳತೆಯ ತಪ್ಪಿಗೆ ಅಗ್ಗದ ಉಪಾಯವಿದೆ. ಬೋರ್ಡಿನ ನಕ್ಷೆಯನ್ನು ಕಾರ್ಖಾನೆಗೆ ಕಳಿಸುವ ಮುನ್ನ ನಿಜ ಅಳತೆಯಲ್ಲೇ ಕಾಗದಕ್ಕೆ ಮುದ್ರಿಸಿ, ತಂದಿಟ್ಟುಕೊಂಡ ಬಿಡಿಭಾಗಗಳನ್ನು ಅದರ ಮೇಲಿಟ್ಟು ನೋಡುವುದು. ಐಸಿಯ ಕಾಲುಗಳು 2.54 ಮಿ.ಮೀ. ಅಂತರದ ಗುರುತುಗಳ ಮೇಲೆ ಸರಿಯಾಗಿ ಕೂರದಿದ್ದರೆ ತಪ್ಪು ಅಲ್ಲೇ ಗೊತ್ತಾಗುತ್ತದೆ. ಮುದ್ರಿಸುವಾಗ 'ಪುಟಕ್ಕೆ ಹೊಂದಿಸು' ಆಯ್ಕೆ ಮಾತ್ರ ತೆಗೆದಿರಬೇಕು.